ಟ್ರ್ಯಾಕ್‌ಗೆ ಹೋಗುವ ಹಳೇ ಕೇಮನ್‌ಗೆ ಯಾವ ಸಸ್ಪೆನ್ಷನ್?

ಪ್ರಶ್ನೆ: ನನ್ನ ಹತ್ತಿರ 2008ರ ಪೋರ್ಶೆ ಕೇಮನ್ ಎಸ್ ಇದೆ. ನಾನು ಮೂರನೇ ಓನರ್. 74 ಸಾವಿರ ಕಿ.ಮೀ. ಓಡಿದೆ. ಸಸ್ಪೆನ್ಷನ್ ಪೂರ್ತಿ ಕಂಪನಿಯದ್ದೇ, ಎಲೆಕ್ಟ್ರಾನಿಕ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇಲ್ಲದ ಮಾಡೆಲ್. ಮನೆ ಬೆಂಗಳೂರಿನ ಜೆ.ಪಿ. ನಗರ. ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ರೇಸ್ ಟ್ರ್ಯಾಕ್‌ಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಉಳಿದಂತೆ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಒಂದು ರೌಂಡ್. ಟ್ರ್ಯಾಕ್‌ನಲ್ಲಿ ಕಾರು ಜಾಸ್ತಿ ವಾಲುತ್ತದೆ, ಮುಂದಿನ ಟೈರ್‌ಗಳ ಹೊರಅಂಚು ಮಾತ್ರ ಸವೆಯುತ್ತಿದೆ. ಕಾಯಿಲ್‌ಓವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಹಾಕಿಸಿ ಕಾರನ್ನು 30 ಮಿ.ಮೀ. ಇಳಿಸು ಅಂತ ಫ್ರೆಂಡ್ಸ್ ಹೇಳುತ್ತಿದ್ದಾರೆ. ಬಿಲ್‌ಸ್ಟೀನ್ ಬಿ16, ಕೆಡಬ್ಲ್ಯೂ ವೇರಿಯಂಟ್ 3, ಓಲಿನ್ಸ್ ರೋಡ್ ಆ್ಯಂಡ್ ಟ್ರ್ಯಾಕ್, ಇವುಗಳಲ್ಲಿ ಯಾವುದು ತಗೊಳ್ಳಲಿ? ಒಬ್ಬರು ವೇರಿಯಂಟ್ 3ರ ಸೆಕೆಂಡ್ ಹ್ಯಾಂಡ್ ಸೆಟ್ ಕೊಡುತ್ತೇನೆ ಅನ್ನುತ್ತಿದ್ದಾರೆ, ಅದು ಪರವಾಗಿಲ್ವಾ?

ಉತ್ತರ: ಮೂರೂ ಒಳ್ಳೆಯ ಕಿಟ್‌ಗಳೇ. ಆದರೂ ಈ ವರ್ಷ ಮೂರನ್ನೂ ಬಿಡಿ. ಕಂಪನಿಯ ಸ್ಪ್ರಿಂಗ್‌ಗಳನ್ನೇ ಇಟ್ಟುಕೊಳ್ಳಿ. ಸಸ್ಪೆನ್ಷನ್‌ನ ಸವೆದ ರಬ್ಬರ್ ಪೂರ್ತಿ ಬದಲಿಸಿ, ಮುಂದಿನ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ಬಾಗಿರುವ ಕೋನ, ಮೈನಸ್‌ನಲ್ಲಿ ಹೇಳುತ್ತಾರೆ) ಜಾಸ್ತಿ ಮಾಡಿಸಿ, ಡ್ಯಾಂಪರ್ ಜಾಗಕ್ಕೆ ಬಿಲ್‌ಸ್ಟೀನ್ ಬಿ6 ಹಾಕಿಸಿ. ಎತ್ತರ ಈಗಿದ್ದಷ್ಟೇ ಇರಲಿ. ಕೇಳುವುದಕ್ಕೆ ಸಪ್ಪೆ ಅನ್ನಿಸುತ್ತದೆ, ಗೊತ್ತು. ಫೋಟೋದಲ್ಲಿ ಏನೂ ಬದಲಾಗಿರುವುದಿಲ್ಲ. ಆದರೆ ನಿಮ್ಮ ಎರಡೂ ದೂರುಗಳಿಗೆ ಔಷಧಿ ಇರುವುದು ಅಲ್ಲೇ.

ಮೊದಲು ಟೈರ್ ವಿಷಯ. ಹೊರಅಂಚು ಮಾತ್ರ ಸವೆಯುತ್ತಿದೆ ಅಂದರೆ ತಿರುವಿನಲ್ಲಿ ಟೈರ್ ಅಂಚಿನ ಮೇಲೆ ನಿಲ್ಲುತ್ತಿದೆ, ಪೂರ್ತಿ ಅಗಲ ರಸ್ತೆಗೆ ಕೂರುತ್ತಿಲ್ಲ. ಇದು ಕ್ಯಾಂಬರ್ ಸಾಲದ ಲಕ್ಷಣ. ನಿಮ್ಮ ಕಾರಿಗೆ ಮುಂದೆಯೂ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗ್, ಡ್ಯಾಂಪರ್ ಎರಡೂ ಒಂದೇ ಕಂಬದಲ್ಲಿ. ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಕಾರುಗಳಲ್ಲಿ ಬಾಡಿ ವಾಲಿದಂತೆ ಚಕ್ರ ತಾನೇ ಒಳಕ್ಕೆ ಬಾಗಿ ಸರಿದೂಗಿಸಿಕೊಳ್ಳುತ್ತದೆ. ಸ್ಟ್ರಟ್‌ನಲ್ಲಿ ಆ ಸಹಾಯ ತುಂಬಾ ಕಮ್ಮಿ. ಹಾಗಾಗಿ ಬೇಕಾದ ಕ್ಯಾಂಬರನ್ನು ಮುಂಚೆಯೇ ಇಟ್ಟಿರಬೇಕು. ಕೇಮನ್‌ನ ಮುಂದಿನ ಟಾಪ್ ಮೌಂಟ್‌ನ (ಸ್ಟ್ರಟ್‌ನ ಮೇಲ್ತುದಿ ಬಾಡಿಗೆ ಕೂರುವ ಭಾಗ) ತೂತುಗಳಲ್ಲಿ ಸ್ವಲ್ಪ ಜಾಗ ಇದೆ. ಅದನ್ನು ಕೊನೆಯವರೆಗೆ ಒಳಕ್ಕೆ ತಳ್ಳಿದರೂ ಸಾಮಾನ್ಯವಾಗಿ ಮೈನಸ್ 1 ಡಿಗ್ರಿಯ ಆಸುಪಾಸಿಗೆ ನಿಂತುಬಿಡುತ್ತದೆ. ಟ್ರ್ಯಾಕ್‌ಗೆ ಅದು ಏನೇನೂ ಸಾಲದು.

ಈಗ 30 ಮಿ.ಮೀ. ಇಳಿಸಿದರೆ ಏನಾಗುತ್ತದೆ ನೋಡಿ. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ (ಕಂಟ್ರೋಲ್ ಆರ್ಮ್) ಹೊರತುದಿ ಒಳತುದಿಗಿಂತ ತಗ್ಗಿನಲ್ಲಿ ಇರುವವರೆಗೆ, ಚಕ್ರ ಮೇಲಕ್ಕೆ ಬಂದಂತೆ ಆರ್ಮ್ ತನ್ನ ಹೊರತುದಿಯ ಬಾಲ್ ಜಾಯಿಂಟನ್ನು ಹೊರಕ್ಕೆ ತಳ್ಳುತ್ತದೆ. ಆಗ ಒಂದಿಷ್ಟು ನೆಗೆಟಿವ್ ಕ್ಯಾಂಬರ್ ಸಿಗುತ್ತದೆ. ಕಾರನ್ನು ತಗ್ಗಿಸುತ್ತಾ ಹೋದರೆ ಆರ್ಮ್ ನೆಲಕ್ಕೆ ಸಮವಾಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಅದೇ ಆರ್ಮ್ ಬಾಲ್ ಜಾಯಿಂಟನ್ನು ಒಳಕ್ಕೆ ಎಳೆಯಲು ಶುರು ಮಾಡುತ್ತದೆ. ಅಂದರೆ ತಿರುವಿನಲ್ಲಿ ಸ್ಟ್ರಟ್ ಒತ್ತಿಕೊಂಡಂತೆ ಕ್ಯಾಂಬರ್ ಕಳೆದುಕೊಳ್ಳುತ್ತೀರಿ. ಇನ್ನೊಂದು ಪೆಟ್ಟೂ ಇದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಸ್ಟ್ರಟ್ ಕಾರುಗಳಲ್ಲಿ ಬಾಡಿಗಿಂತ ಬೇಗ ಕೆಳಗೆ ಇಳಿಯುತ್ತದೆ. ಬಾಡಿಯ ತೂಕಕ್ಕೂ ಆ ಬಿಂದುವಿಗೂ ಅಂತರ ಹೆಚ್ಚುತ್ತದೆ. ಕಾರು ತಗ್ಗಿದೆ, ಆದರೆ ವಾಲುವ ಬಲ ಜಾಸ್ತಿಯಾಗಿದೆ! ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು. ಅದು ಹಾಕಿದ ಮೇಲೆ ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಓಡಿಸಲು ಬೆನ್ನು ಗಟ್ಟಿ ಇರಬೇಕು.

ಹಂಪ್‌ಗಳ ಲೆಕ್ಕವನ್ನೂ ಮಾಡಿಬಿಡೋಣ, ಯಾಕೆಂದರೆ ಬೆಂಗಳೂರಲ್ಲಿ ಸಸ್ಪೆನ್ಷನ್ ಆಯ್ಕೆ ಅರ್ಧ ಅಲ್ಲೇ ತೀರ್ಮಾನ ಆಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ನಿಮ್ಮ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2,415 ಮಿ.ಮೀ. ಇಂಥ ಹಂಪ್ ಮೇಲೆ ಎರಡೂ ಆ್ಯಕ್ಸಲ್ ಇದ್ದಾಗ, ಹೊಟ್ಟೆಯ ಕೆಳಗೆ ಕಮಾನು ಎದ್ದಿರುವುದು ಬರೀ 43 ಮಿ.ಮೀ. ಏನೂ ತೊಂದರೆ ಇಲ್ಲ. ಆದರೆ ನಮ್ಮ ಲೇಔಟ್‌ಗಳಲ್ಲಿ ಅಂಥ ಹಂಪ್ ಎಲ್ಲಿದೆ ಹೇಳಿ? ರಾತ್ರೋರಾತ್ರಿ ಹಾಕಿದ, ಒಂದು ಮೀಟರ್ ಕೂಡ ಉದ್ದ ಇಲ್ಲದ ದಿಬ್ಬಗಳೇ ಜಾಸ್ತಿ. ಹಂಪ್ ವೀಲ್‌ಬೇಸ್‌ಗಿಂತ ಚಿಕ್ಕದಾದಾಗ ಮುಂದಿನ ಚಕ್ರ ದಾಟಿ ಕೆಳಗೆ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಆಗ ಅದರ ಪೂರ್ತಿ ಎತ್ತರ ಹೊಟ್ಟೆಗೇ ಬರುತ್ತದೆ. 10 ಸೆಂ.ಮೀ. ಅಂದರೆ 10 ಸೆಂ.ಮೀ. ಅಲ್ಲಿ 30 ಮಿ.ಮೀ. ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಒಂದು ಟೇಪ್ ತಗೊಂಡು ನಿಮ್ಮ ಮನೆಯಿಂದ ಮೇನ್ ರೋಡ್‌ವರೆಗಿನ ಹಂಪ್‌ಗಳನ್ನು ಅಳೆದು ನೋಡಿ. ಅಪಾರ್ಟ್‌ಮೆಂಟ್ ಆಗಿದ್ದರೆ ಬೇಸ್‌ಮೆಂಟ್ ರ‍್ಯಾಂಪ್‌ನ ತುದಿಯನ್ನೂ ಬಿಡಬೇಡಿ, ಮುಂದಿನ ಲಿಪ್ (ಬಂಪರ್‌ನ ಕೆಳತುದಿ) ಒರೆಸುವುದು ಸಾಮಾನ್ಯವಾಗಿ ಅಲ್ಲೇ.

ಇನ್ನು ವಯಸ್ಸು. ಇದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ತೋರಿಸಿಕೊಳ್ಳುವಂಥದ್ದು ಏನೂ ಇಲ್ಲ. ನಿಮ್ಮ ಕಾರಿನ ಬುಷ್‌ಗಳು (ಕೀಲುಗಳಲ್ಲಿನ ರಬ್ಬರ್), ಟಾಪ್ ಮೌಂಟ್‌ಗಳು, ಬಂಪ್ ಸ್ಟಾಪ್‌ಗಳು (ಸ್ಟ್ರಟ್ ಕೊನೆಯವರೆಗೆ ಒತ್ತಿಕೊಂಡಾಗ ತಡೆಯುವ ಫೋಮ್) ಕಾರಿನಷ್ಟೇ ಹಳೆಯವು. ರಬ್ಬರ್‌ಗೆ ಕಿ.ಮೀ. ಲೆಕ್ಕ ಇಲ್ಲ, ವರ್ಷದ ಲೆಕ್ಕ, ಬಿಸಿಲಿನ ಲೆಕ್ಕ. ಒಂದು ಸ್ಟ್ರಟ್ ಬಿಚ್ಚಿಸಿ ನೋಡಿ. ಧೂಳಿನ ಬೂಟನ್ನು ಮೇಲಕ್ಕೆ ಸರಿಸಿ ಬಂಪ್ ಸ್ಟಾಪನ್ನು ಹೆಬ್ಬೆರಳಲ್ಲಿ ಒತ್ತಿ. ಈ ವಯಸ್ಸಿನ ಕಾರುಗಳಲ್ಲಿ ಎಷ್ಟೋ ಸಲ ಆ ಹಳದಿ ಫೋಮ್ ಪುಡಿಪುಡಿಯಾಗಿ ಕೈಗೆ ಬರುತ್ತದೆ. ಆಮೇಲೆ ಕಾರು ಲಿಫ್ಟ್ ಮೇಲೆ ಇದ್ದಾಗಲೇ ಕಂಟ್ರೋಲ್ ಆರ್ಮ್‌ನ ಬುಷ್ ಪಕ್ಕ ಒಂದು ಪ್ರೈ ಬಾರ್ ಇಟ್ಟು ಮೆಲ್ಲಗೆ ಮೀಟಿಸಿ. ಮೇಲಿನಿಂದ ಚೆನ್ನಾಗಿ ಕಾಣುವ ರಬ್ಬರ್ ಆಗ ಬಾಯಿ ಬಿಡುತ್ತದೆ, ಒಳಗಿನ ಸೀಳು ಕಾಣುತ್ತದೆ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ಒಂದು ಚೂರು ಅಲೆಯುವುದು, ತಿರುವಿಗೆ ಒಳಗೆ ಹೋದ ಮೇಲೆ ಕಾರು ಎರಡನೇ ಸಲ ಕೂತುಕೊಳ್ಳುವುದು, ಇವೆಲ್ಲ ಇಲ್ಲಿಂದ ಬರುವಂಥವು. ಇದರ ಮೇಲೆ ದುಬಾರಿ ಕಾಯಿಲ್‌ಓವರ್ ಹಾಕುವುದು ಕಾಲು ಅಲ್ಲಾಡುವ ಮಂಚಕ್ಕೆ ಹೊಸ ಹಾಸಿಗೆ ತಂದಂತೆ.

ಹಾಗಾಗಿ ಮೊದಲ ಖರ್ಚು ಇಲ್ಲಿ. ಮುಂದೆ ಹಿಂದೆ ಕಂಟ್ರೋಲ್ ಆರ್ಮ್‌ಗಳು, ಟಾಪ್ ಮೌಂಟ್ ಮತ್ತು ಅದರ ಬೇರಿಂಗ್, ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ನ ಲಿಂಕ್‌ಗಳು, ಟೈ ರಾಡ್ ತುದಿಗಳು. ಮಾರುತಿ ಬುಷ್ ಆಗಿದ್ದರೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಲ್ಲಿ ಅರ್ಧ ಗಂಟೆ ಕೆಲಸ. ಇದಕ್ಕೆ ತರಿಸಿಕೊಳ್ಳಬೇಕು, ಹಾಗಾಗಿ ಟ್ರ್ಯಾಕ್ ಡೇಗೆ ಎರಡು ತಿಂಗಳು ಮುಂಚೆ ಶುರು ಮಾಡಿ. ಪಾಲಿಯುರೆಥೇನ್ ಬುಷ್ ಹಾಕಿಸಿ ಅಂತ ಯಾರಾದರೂ ಹೇಳಬಹುದು. ನೂರು ಪರ್ಸೆಂಟ್ ಟ್ರ್ಯಾಕ್ ಕಾರಿಗೆ ಸರಿ, ನಿಮಗೆ ಬೇಡ. ಹೊಸ ರಬ್ಬರ್ ಸಾಕು.

ಇಲ್ಲಿ ಒಂದು ಕೆಲಸವನ್ನು ನೀವು ಗ್ಯಾರೇಜಲ್ಲಿ ಪಕ್ಕದಲ್ಲೇ ನಿಂತು ನೋಡಬೇಕು. ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ಲಿಫ್ಟ್‌ನಲ್ಲಿ ನೇತಾಡುತ್ತಿರುವಾಗ ಫುಲ್ ಟೈಟ್ ಮಾಡಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕೆ ಇಳಿದ ಕ್ಷಣವೇ ಬುಷ್ ತಿರುಚಿಕೊಳ್ಳುತ್ತದೆ, ಅದೇ ಸ್ಥಿತಿಯಲ್ಲಿ ದಿನಾ ಓಡುತ್ತದೆ, ಬೇಗ ಹರಿಯುತ್ತದೆ. ಬೋಲ್ಟನ್ನು ಸುಮ್ನೆ ಕೈಯಲ್ಲಿ ಕೂರಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಟಾರ್ಕ್ ವ್ರೆಂಚ್ ಹಿಡಿಯಬೇಕು. ಅವಸರದ ಗ್ಯಾರೇಜ್‌ಗಳಲ್ಲಿ ಈ ಹೆಜ್ಜೆ ಬಿಟ್ಟುಹೋಗುವುದೇ ಜಾಸ್ತಿ.

ಕ್ಯಾಂಬರ್‌ಗೆ ದಾರಿ ಏನು? ಇದೇ ಕಾಲದ ಪೋರ್ಶೆ 911 ಜಿಟಿ3ಯಲ್ಲಿ ಎರಡು ತುಂಡಿನ ಕೆಳಗಿನ ಆರ್ಮ್ ಬರುತ್ತದೆ. ತುಂಡುಗಳ ನಡುವೆ ತೆಳ್ಳಗಿನ ಶಿಮ್ ಪ್ಲೇಟ್ ಇಟ್ಟು ಆರ್ಮ್‌ನ ಉದ್ದ ಹೆಚ್ಚಿಸಬಹುದು. ಅದು ನಿಮ್ಮ ಕೇಮನ್‌ಗೆ ಕೂರುತ್ತದೆ, ಅದೇ ಮಾದರಿಯಲ್ಲಿ ಬೇರೆ ಕಂಪನಿಗಳೂ ಮಾಡುತ್ತವೆ. ಹೇಗಿದ್ದರೂ ಆರ್ಮ್ ಬದಲಿಸುತ್ತೀರಲ್ಲ, ಮುಂದಿನದಕ್ಕೆ ಇದನ್ನೇ ತಗೊಳ್ಳಿ. ಒಂದೇ ಖರ್ಚಿನಲ್ಲಿ ಎರಡು ಕೆಲಸ. ಮುಂದೆ ಮೈನಸ್ 2ರಿಂದ ಮೈನಸ್ 2.3 ಡಿಗ್ರಿ, ಹಿಂದೆ ಮೈನಸ್ 1.8ರ ಹತ್ತಿರ ಇಟ್ಟು ಶುರು ಮಾಡಿ. ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೊನ್ನೆ, ಹಿಂದೆ ಸ್ವಲ್ಪ ಟೋ ಇನ್, ಅಂದರೆ ಒಳಮುಖ. ಶಿಮ್ ಸೇರಿಸಿದಾಗಲೆಲ್ಲ ಟೋ ಕೂಡ ಬದಲಾಗುತ್ತದೆ, ಮರೆಯದೆ ಮತ್ತೆ ಸೆಟ್ ಮಾಡಿಸಿ. ಇಷ್ಟು ಕ್ಯಾಂಬರ್ ಇಟ್ಟರೆ ಊರಲ್ಲಿ ಟೈರ್‌ನ ಒಳಅಂಚು ಸವೆದುಹೋಗುತ್ತೆ ಅನ್ನುವ ಭಯ ಎಲ್ಲರಿಗೂ ಇದೆ. ಒಳಅಂಚನ್ನು ಜಾಸ್ತಿ ತಿನ್ನುವುದು ತಪ್ಪಾದ ಟೋ, ಕ್ಯಾಂಬರ್ ಅಲ್ಲ. ವಾರಕ್ಕೆ ಒಂದು ದಿನ ಓಡುವ ಕಾರಿಗೆ ಅದನ್ನು ಯೋಚಿಸುವ ಅಗತ್ಯವೇ ಇಲ್ಲ.

ಈಗ ಡ್ಯಾಂಪರ್. ಬಿ6 ಯಾಕೆ ಅಂದರೆ, ಅದು ಕಂಪನಿಯ ಸ್ಪ್ರಿಂಗ್‌ಗೆ, ಕಂಪನಿಯ ಎತ್ತರಕ್ಕೆ ಮಾಡಿದ ಡ್ಯಾಂಪರ್. ಅದೇ ಕಂಪನಿಯ ಬಿ8 ತಗ್ಗಿಸಿದ ಸ್ಪ್ರಿಂಗ್‌ಗೆ ಅಂತ ಮಾಡಿದ ಗಿಡ್ಡ ಮಾದರಿ, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ. ಎರಡೂ ಮಾನೋಟ್ಯೂಬ್, ಅಂದರೆ ಒಂದೇ ಕೊಳವೆಯವು. ಒಳಗೆ ಎಣ್ಣೆ ಮತ್ತು ಗ್ಯಾಸ್ ಬೇರೆ ಬೇರೆ ಇರುತ್ತವೆ, ಮಧ್ಯೆ ಒಂದು ತೇಲುವ ಪಿಸ್ಟನ್, ಗ್ಯಾಸ್ ಒತ್ತಡವೂ ಜಾಸ್ತಿ. ಇದರಿಂದ ಎಣ್ಣೆ ಬಿಸಿಯಾದರೂ ಬೇಗ ನೊರೆ ಬರುವುದಿಲ್ಲ. ಚೆನ್ನೈ ಬಿಸಿಲಲ್ಲಿ ಇಪ್ಪತ್ತು ನಿಮಿಷದ ಸೆಷನ್‌ನ ಕೊನೆಯ ಲ್ಯಾಪ್‌ಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಮುಂಗಡ ಕೊಡುವ ಮುಂಚೆ ಪಾರ್ಟ್ ನಂಬರನ್ನು ನಿಮ್ಮ ಚಾಸಿ ನಂಬರ್‌ ಜೊತೆ ತಾಳೆ ನೋಡಿಸಿ. ಎಲೆಕ್ಟ್ರಾನಿಕ್ ಡ್ಯಾಂಪರ್ ಇರುವ ಕೇಮನ್‌ಗೆ ಬರುವುದೇ ಬೇರೆ, ನಿಮ್ಮದಕ್ಕೆ ಬೇಕಾಗಿರುವುದೇ ಬೇರೆ.

ನೀವು ಕೇಳಿದ ಮೂರು ಕಿಟ್‌ಗಳ ವಿಷಯಕ್ಕೆ ಬರುತ್ತೇನೆ. ಮುಂದೊಂದು ದಿನ ಬೇಕಾಗಬಹುದು, ಅಲ್ವಾ? ಬಿ16 ಮಾನೋಟ್ಯೂಬ್, ಒಂದೇ ನಾಬ್, ಹತ್ತು ಹಂತ. ತಿರುಗಿಸಿದರೆ ಬಂಪ್ (ಒತ್ತಿಕೊಳ್ಳುವಾಗಿನ ಬಿಗಿತ), ರಿಬೌಂಡ್ (ವಾಪಸ್ ಬರುವಾಗಿನ ಬಿಗಿತ) ಎರಡೂ ಒಟ್ಟಿಗೆ ಬದಲಾಗುತ್ತವೆ. ಹೊರಡುವಾಗ ಮೆತ್ತಗೆ, ಟ್ರ್ಯಾಕ್‌ನಲ್ಲಿ ಗಟ್ಟಿ, ಅಷ್ಟೇ ವ್ಯವಹಾರ. ಕೆಡಬ್ಲ್ಯೂ ವೇರಿಯಂಟ್ 3 ಟ್ವಿನ್‌ಟ್ಯೂಬ್ (ಕೊಳವೆಯೊಳಗೆ ಇನ್ನೊಂದು ಕೊಳವೆ), ಸ್ಟೇನ್‌ಲೆಸ್ ಸ್ಟೀಲ್ ಬಾಡಿ, ಬಂಪ್‌ಗೂ ರಿಬೌಂಡ್‌ಗೂ ಬೇರೆ ಬೇರೆ ಅಡ್ಜಸ್ಟರ್. ನೋಟ್‌ಬುಕ್ ಇಟ್ಟುಕೊಂಡು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವ ತಾಳ್ಮೆ ಇರುವವರಿಗೆ ಇದು ಅದ್ಭುತ. ಉಳಿದವರು ರಿಬೌಂಡ್ ಪೂರ್ತಿ ಬಿಗಿ ಮಾಡಿ, ಕಾರು ಗಟ್ಟಿಯಾಯ್ತು ಅಂತ ಖುಷಿ ಪಡುತ್ತಾರೆ. ಆಗ ಸಾಲಾಗಿ ಉಬ್ಬು ಬಂದರೆ ಒತ್ತಿಕೊಂಡ ಚಕ್ರ ವಾಪಸ್ ಬರುವುದಕ್ಕೆ ಸಮಯವೇ ಸಿಗುವುದಿಲ್ಲ. ಕಾರು ಹಂತ ಹಂತವಾಗಿ ಕೆಳಗೆ ಕೂತು ಬಂಪ್ ಸ್ಟಾಪ್ ಮೇಲೆ ಬೀಳುತ್ತದೆ. ಕೃಷ್ಣಗಿರಿ, ವೆಲ್ಲೂರು ದಾರಿಯಲ್ಲಿ ಸೇತುವೆಗಳ ಜಾಯಿಂಟ್ ಮೇಲೆ ಅದು ನಿಮಗೇ ಗೊತ್ತಾಗುತ್ತದೆ.

ಓಲಿನ್ಸ್‌ನಲ್ಲಿ ಡ್ಯುಯಲ್ ಫ್ಲೋ ವಾಲ್ವ್ ಅಂತ ಇದೆ. ಚೂಪಾದ ಗುಂಡಿ ಬಡಿದಾಗ ಎಣ್ಣೆಗೆ ಎರಡೂ ದಿಕ್ಕಿನಲ್ಲಿ ಬೇಗ ದಾರಿ ಬಿಟ್ಟು, ಚಕ್ರ ತಕ್ಷಣ ನೆಲಕ್ಕೆ ಮರಳುವಂತೆ ಮಾಡುತ್ತದೆ. ಬರೀ ನಮ್ಮ ರಸ್ತೆ ನೋಡಿ ಹೇಳು ಅಂದರೆ ನನ್ನ ವೋಟ್ ಇದಕ್ಕೇ. ಆದರೆ ಇದು ಕಾಲಕಾಲಕ್ಕೆ ಬಿಚ್ಚಿ ಸೀಲ್, ಎಣ್ಣೆ ಬದಲಿಸಬೇಕಾದ ವಸ್ತು. ಆ ಕೆಲಸವನ್ನು ಯಾರು ಮಾಡುತ್ತಾರೆ, ಎಷ್ಟು ದಿನ ಕಾರು ನಿಲ್ಲಿಸಬೇಕು, ಡ್ಯಾಂಪರ್ ಹೊರದೇಶಕ್ಕೆ ಹೋಗಿ ಬರಬೇಕಾ, ಇದನ್ನು ಆರ್ಡರ್ ಮಾಡುವ ಮುಂಚೆ ಕೇಳಿ. ಕಸ್ಟಮ್ಸ್ ಸೇರಿ ಕೈಗೆ ಸಿಗುವ ಬೆಲೆಯನ್ನೂ ಬರವಣಿಗೆಯಲ್ಲಿ ತಗೊಳ್ಳಿ.

ಯಾವ ಕಿಟ್ ಆದರೂ ಅದರ ಕಾಗದದಲ್ಲಿ ಇಷ್ಟರಿಂದ ಇಷ್ಟು ಮಿ.ಮೀ. ತಗ್ಗುತ್ತದೆ ಅಂತ ಎರಡು ಅಂಕಿ ಇರುತ್ತವೆ. ಎಲ್ಲರೂ ದೊಡ್ಡದನ್ನು ನೋಡುತ್ತಾರೆ. ನೀವು ಚಿಕ್ಕದನ್ನು ನೋಡಿ. ಎಷ್ಟೋ ಕಾಯಿಲ್‌ಓವರ್‌ಗಳನ್ನು ಅತಿ ಎತ್ತರಕ್ಕೆ ಏರಿಸಿದರೂ ಕಂಪನಿಯ ಎತ್ತರ ಸಿಗುವುದಿಲ್ಲ. ಕನಿಷ್ಠ ಇಳಿತ 15 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಬೆಂಗಳೂರಿಗೆ ಆ ಕಿಟ್ ಬೇಡ. 32 ಕ್ಲಿಕ್, 36 ಕ್ಲಿಕ್ (ನಾಬ್‌ನ ಹಂತಗಳು) ಅಂತ ಮಾರುವ ಅಗ್ಗದ ಕಿಟ್‌ಗಳ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದೇ ಆಯ್ತು.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅನ್ನುವುದಕ್ಕೂ ಒಂದು ಅಂದಾಜು ಇಟ್ಟುಕೊಳ್ಳಿ, ಯಾರಾದರೂ ಏನಾದರೂ ತಲೆಗೆ ಕಟ್ಟಲು ಬಂದಾಗ ಉಪಯೋಗಕ್ಕೆ ಬರುತ್ತದೆ. ಕಾರು 1,340 ಕೆ.ಜಿ. ನೀವು ಸೇರಿ 1,420 ಅನ್ನೋಣ. ಎಂಜಿನ್ ನಿಮ್ಮ ಬೆನ್ನ ಹಿಂದೆ ಇರುವುದರಿಂದ ತೂಕ ಹಂಚಿಕೆ ಮುಂದೆ 45, ಹಿಂದೆ 55ರ ಆಸುಪಾಸು. ಮುಂದಿನ ಒಂದೊಂದು ಚಕ್ರಕ್ಕೆ 320 ಕೆ.ಜಿ. ಚಕ್ರ, ಬ್ರೇಕ್, ಹಬ್ ಅಂತ 40 ಕಳೆದರೆ ಸ್ಪ್ರಿಂಗ್ ಹೊರುವುದು 280. ಊರಲ್ಲಿ ಓಡುವ ಸಾಮಾನ್ಯ ಕಾರಿನ ಬಾಡಿ ಸೆಕೆಂಡಿಗೆ 1ರಿಂದ 1.5 ಸಲ ತೂಗುತ್ತದೆ. ರಸ್ತೆಗೂ ಟ್ರ್ಯಾಕ್‌ಗೂ ಆಗುವ ಕಾರಿಗೆ 2ರ ಸುತ್ತಮುತ್ತ ಸಾಕು. ಅದಕ್ಕೆ ಬೇಕಾಗುವುದು ಚಕ್ರದ ಹತ್ತಿರ ಪ್ರತಿ ಮಿ.ಮೀ.ಗೆ 44 ನ್ಯೂಟನ್. ಸ್ಟ್ರಟ್ ಕಾರಲ್ಲಿ ಸ್ಪ್ರಿಂಗ್ ಚಕ್ರಕ್ಕಿಂತ ಒಂದು ಚೂರು ಮಾತ್ರ ಕಮ್ಮಿ ಓಡಾಡುತ್ತದೆ, ಹಾಗಾಗಿ ಸ್ಪ್ರಿಂಗ್ ತುಸು ಗಟ್ಟಿ ಬೇಕು, 50 ನ್ಯೂಟನ್, ಜಪಾನ್ ಕಿಟ್‌ಗಳ ಲೆಕ್ಕದಲ್ಲಿ ಪ್ರತಿ ಮಿ.ಮೀ.ಗೆ 5 ಕೆ.ಜಿ. ಹಿಂದೆ ತೂಕ ಜಾಸ್ತಿ, ಅಲ್ಲಿ 6.5ರಿಂದ 7. ಮುಂದೆ 12 ಕೆ.ಜಿ. ಸ್ಪ್ರಿಂಗ್ ಹಾಕ್ಸಿ ಸರ್ ಅನ್ನುವವರು ಸೆಕೆಂಡಿಗೆ 3 ಸಲ ದಾಟಿಸುತ್ತಿದ್ದಾರೆ. ಅದು ಸ್ಲಿಕ್ ಟೈರ್, ದೊಡ್ಡ ವಿಂಗ್ ಇರುವ ರೇಸ್ ಕಾರಿನ ಲೆಕ್ಕ. ರಸ್ತೆಯ ಟೈರ್‌ನಲ್ಲಿ ಆ ಕಾರು ಉಬ್ಬಿನಿಂದ ಉಬ್ಬಿಗೆ ಹಾರುತ್ತಾ ಹೋಗುತ್ತದೆ.

ಕಾಯಿಲ್‌ಓವರ್ ನಿಜವಾಗಲೂ ಬೇಕಾ ಅಂತ ಗೊತ್ತಾಗುವುದು ಹೇಗೆ? ಬಿ6, ಕ್ಯಾಂಬರ್ ಎಲ್ಲ ಆದ ಮೇಲೆ ಚೆನ್ನೈ ಟ್ರ್ಯಾಕ್ ಇರುವ ಇರುಂಗಾಟುಕೋಟೈಗೆ ಹೋಗಿ. ಹೊರಡುವ ಮುಂಚೆ ಪ್ರತಿ ಸ್ಟ್ರಟ್‌ನಲ್ಲಿ ಜಾರುವ ಭಾಗದ ಮೇಲೆ ಒಂದು ಕೇಬಲ್ ಟೈ ಕಟ್ಟಿ. ಬಿಲ್‌ಸ್ಟೀನ್ ಸ್ಟ್ರಟ್ ತಲೆಕೆಳಗಾಗಿ ಇರುತ್ತದೆ, ಅಲ್ಲಿ ಜಾರುವುದು ತೆಳ್ಳಗಿನ ರಾಡ್ ಅಲ್ಲ, ದಪ್ಪ ಕೊಳವೆ, ಅದಕ್ಕೇ ಕಟ್ಟಬೇಕು. 3.7 ಕಿ.ಮೀ. ಟ್ರ್ಯಾಕ್‌ನಲ್ಲಿ ನಾಲ್ಕೈದು ಲ್ಯಾಪ್ ಆದ ಮೇಲೆ ಪಿಟ್‌ಗೆ ಬಂದು ಅದು ಎಲ್ಲಿಗೆ ಸರಿದಿದೆ ಅಂತ ಅಳೆಯಿರಿ. ಇನ್ನೂ ಓಡಾಟ ಉಳಿದಿದೆ, ಟೈರ್ ಮೇಲೆಲ್ಲ ಸಮನಾಗಿ ಸವೆದಿದೆ ಅಂದರೆ ಸ್ಪ್ರಿಂಗ್ ನಿಮಗೆ ಸಾಲುತ್ತಿದೆ. ಕೊನೆಯವರೆಗೆ ಹೋಗಿ ಕೂತಿದ್ದರೆ ಸ್ಟ್ರಟ್ ಬಂಪ್ ಸ್ಟಾಪ್ ಮುಟ್ಟುತ್ತಿದೆ, ಆ ಕ್ಷಣ ಬಿಗಿತ ಒಮ್ಮೆಲೇ ಏರಿ ಆ ತುದಿ ಹಿಡಿತ ಬಿಡುತ್ತದೆ. ಆಗ ಗಟ್ಟಿ ಸ್ಪ್ರಿಂಗ್ ಬೇಕು, ಕಾಯಿಲ್‌ಓವರ್‌ಗೆ ಕಾರಣ ಸಿಕ್ಕಿತು. ಹೋಗುವ ಮುಂಚೆ ಬ್ರೇಕ್ ಫ್ಲೂಯಿಡ್ ಬದಲಿಸಿ, ಟೈರ್ ಪಕ್ಕದ ನಾಲ್ಕಂಕಿಯನ್ನೂ ಓದಿ. 2318 ಅಂತಿದ್ದರೆ 2018ರ 23ನೇ ವಾರ. ಅಷ್ಟು ಹಳೇ ಟೈರ್‌ನಲ್ಲಿ ಯಾವ ಸಸ್ಪೆನ್ಷನ್ ಹೋಲಿಸಿದರೂ ಅರ್ಥ ಇಲ್ಲ.

ಮುಂದೆ ಕಾಯಿಲ್‌ಓವರ್ ಹಾಕಿಸಿದಾಗ ಕಾರ್ನರ್ ವೇಟ್ (ಒಂದೊಂದು ಚಕ್ರದ ಮೇಲಿನ ತೂಕ ನೋಡಿ ಎತ್ತರ ಹೊಂದಿಸುವುದು) ಮಾಡಿಸದೆ ಬಿಡಬೇಡಿ. ನಾಲ್ಕು ಚಕ್ರಕ್ಕೆ ನಾಲ್ಕು ತಕ್ಕಡಿ, ಆ್ಯಂಟಿ ರೋಲ್ ಬಾರ್ ಲಿಂಕ್ ಕಳಚಿ, ನೀವು ಬಲಗಡೆ ಸೀಟಲ್ಲಿ ಕೂತಿರಬೇಕು. ಖಾಲಿ ಕಾರಲ್ಲಿ ಮಾಡಿದ ಲೆಕ್ಕ ನೀವು ಕೂತ ತಕ್ಷಣ ತಪ್ಪುತ್ತದೆ. ಎತ್ತರ ಬದಲಿಸುವ ರಿಂಗ್‌ಗಳ ಥ್ರೆಡ್‌ನಲ್ಲಿ ಕೆಸರು ಕೂತು ಗಟ್ಟಿಯಾಗುತ್ತದೆ, ಮಳೆಗಾಲ ಮುಗಿದ ಮೇಲೆ ಬ್ರಷ್ ಹಾಕಿ ತೊಳೆಸಿ.

ಕಾಗದಪತ್ರದ ಮಾತು. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನ ಮಾರ್ಪಡಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿ ಮಾಡಿತು. ನಿಮ್ಮ ಕಾರು 15 ವರ್ಷ ದಾಟಿದೆ, ಇನ್ನು ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಕಂಪನಿಯ ಎತ್ತರದಲ್ಲೇ ಇರುವ ಕಾರಿನ ಬಗ್ಗೆ ಪ್ರಶ್ನೆ ಏಳುವ ಸಾಧ್ಯತೆ ಕಮ್ಮಿ. ಬಿಚ್ಚಿದ ಹಳೇ ಸ್ಟ್ರಟ್‌ಗಳನ್ನು ಗುಜರಿಗೆ ಹಾಕಬೇಡಿ. ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿ, ರೇಸಿಂಗ್ ಮತ್ತು ವೇಗದ ಪರೀಕ್ಷೆ ಅದರ ವ್ಯಾಪ್ತಿಯಿಂದ ಹೊರಗೆ. ಟ್ರ್ಯಾಕ್‌ನಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ.

ಆ ಸೆಕೆಂಡ್ ಹ್ಯಾಂಡ್ ವೇರಿಯಂಟ್ 3 ಸೆಟ್. ಕಾರಿನಿಂದ ಬಿಚ್ಚಿಟ್ಟಿದ್ದರೆ ಮಾತ್ರ ಹೋಗಿ ನೋಡಿ. ಪಾರ್ಟ್ ನಂಬರ್ ನಿಮ್ಮ ಮಾಡೆಲ್‌ದೇನಾ ಅಂತ ಮೊದಲು ನೋಡಿ, 911ರದ್ದನ್ನು ಕೇಮನ್‌ಗೆ ಕೂರುತ್ತೆ ಅಂತ ಮಾರುವವರು ಇದ್ದಾರೆ. ಬೂಟ್ ಸರಿಸಿ ರಾಡ್ ಮೇಲೆ ಉದ್ದಕ್ಕೂ ಉಗುರು ಓಡಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಅದು ಸೀಲನ್ನು ಕತ್ತರಿಸುತ್ತಿರುವ ಗುಳಿ. ಎರಡೂ ಅಡ್ಜಸ್ಟರ್‌ಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿ, ನಾಲ್ಕರಲ್ಲಿ ಒಂದು ಸಿಕ್ಕಿಕೊಂಡಿದ್ದರೂ ರೀಬಿಲ್ಡ್ ಖರ್ಚು ಸೇರಿಸಿ ಬೆಲೆ ಮಾತಾಡಿ. ಶಾಕ್ ಡೈನೋ ಗ್ರಾಫ್ (ಯಂತ್ರದಲ್ಲಿ ಡ್ಯಾಂಪರ್‌ನ ಬಿಗಿತ ಅಳೆದ ನಕ್ಷೆ) ಕೊಡುತ್ತೀರಾ ಅಂತ ಕೇಳಿ, ಎಡ ಬಲ ಗೆರೆಗಳು ಒಂದರ ಮೇಲೊಂದು ಕೂರಬೇಕು. ಇಷ್ಟೂ ಸರಿ ಇದ್ದು, ಕನಿಷ್ಠ ಇಳಿತದ ಅಂಕಿಯೂ 15ರ ಒಳಗಿದ್ದು, ಬೆಲೆ ಹೊಸದರ ಅರ್ಧಕ್ಕಿಂತ ಕಮ್ಮಿ ಬಂದರೆ ನಾನು ಹೇಳಿದ ಬಿ6 ಬಿಟ್ಟು ಇದನ್ನೇ ತಗೊಳ್ಳಿ. ರಬ್ಬರ್ ಮತ್ತು ಕ್ಯಾಂಬರ್ ಕೆಲಸ ಮಾತ್ರ ಹೇಗಿದ್ದರೂ ಮೊದಲು.